ಮರಿಯಾ ಇಸ್ಕಿಯೆರ್ದೊ ಸರ್ಕಸ್ ಚಿತ್ರಗಳ ಪ್ರಿಂಟ್ ಸೆಟ್: ಆಯ್ಕೆ ಭೇಷ್, ಕಾಗದ ಛೇ

ಮೆಕ್ಸಿಕೊದ ಕಲಾವಿದೆ ಮರಿಯಾ ಇಸ್ಕಿಯೆರ್ದೊ (1902–1955) ಬಿಡಿಸಿದ ಸರ್ಕಸ್ ಹೆಂಗಸರ ಚಿತ್ರಗಳ ಪ್ರಿಂಟ್ ಸೆಟ್ ತರಿಸಿದ್ದೆ. ಚಿತ್ರ ಆರಿಸಿದವರಿಗೆ ಪೂರ್ತಿ ಅಂಕ. ಕಾಗದ ಆರಿಸಿದವರಿಗೆ ಸೊನ್ನೆ.

ಕುದುರೆ ಬೆನ್ನ ಮೇಲೆ ನಿಂತವಳು, ಹಗ್ಗದ ಮೇಲೆ ನಡೆಯುವವಳು, ಪ್ರಾಣಿ ಪಳಗಿಸುವವಳು ಎಲ್ಲರೂ ಇದ್ದಾರೆ. ಯಾರೂ ನಮ್ಮನ್ನು ಮೆಚ್ಚಿಸಲು ನಗುವುದಿಲ್ಲ. ಗಟ್ಟಿ ತೊಡೆ, ಕಂದು ಮೈ, ಕೆಲಸದಲ್ಲೇ ನೆಟ್ಟ ಮುಖ. ಮೆಕ್ಸಿಕೊದ ಹೆಸರಾಂತ ಭಿತ್ತಿಚಿತ್ರಕಾರರಾದ ರಿವೆರಾ, ಸಿಕೇರೋಸ್ ಎಲ್ಲ ಗೋಡೆ ತುಂಬಾ ಕ್ರಾಂತಿ, ಕಾರ್ಮಿಕರು ಅಂತ ಬಿಡಿಸುತ್ತಿದ್ದ ಕಾಲದಲ್ಲಿ ಇವರು ಸಣ್ಣ ಕಾಗದದ ಮೇಲೆ ಇಂಥ ದುಡಿಯುವ ಹೆಂಗಸರನ್ನು ತಂದರು. ನನಗೆ ಆ ಗೋಡೆಗಳಿಗಿಂತ ಇದೇ ಜಾಸ್ತಿ ಇಷ್ಟ.

ಹಾಗಿರುವಾಗ ಪ್ರಿಂಟ್ ಹಾಕಿರುವುದು ಫಳಫಳ ಹೊಳೆಯುವ ಕಾಗದದ ಮೇಲೆ! ಇವುಗಳಲ್ಲಿ ಹೆಚ್ಚಿನವು ಜಲವರ್ಣ, ಇಲ್ಲವೇ ಗ್ವಾಷ್, ಅಂದರೆ ನೀರಿನಲ್ಲಿ ಕಲಸುವ, ಕೆಳಗಿನ ಕಾಗದ ಕಾಣದಂತೆ ಮುಚ್ಚುವ ದಪ್ಪ ಬಣ್ಣ. ಗ್ವಾಷ್ ಒಣಗಿದರೆ ಸುಣ್ಣದ ಗೋಡೆಯ ಹಾಗೆ ಮಂಕಾಗಿರುತ್ತದೆ, ಆ ಇಟ್ಟಿಗೆ ಕೆಂಪು, ಮಣ್ಣಿನ ಹಳದಿ ಎಲ್ಲದಕ್ಕೂ ತೂಕ ಬರುವುದೇ ಆ ಮಂಕಿನಿಂದ. ಹೊಳಪು ಹಚ್ಚಿದರೆ ದುಡಿಯುವವಳು ಸುಮ್ನೆ ಪೋಸ್ಟರ್ ಸುಂದರಿ ಆಗಿಬಿಡುತ್ತಾಳೆ. ಒಂದೆರಡು ಚಿತ್ರದಲ್ಲಿ ಅಂಚನ್ನೂ ಕತ್ತರಿಸಿದ್ದಾರೆ, ಕುದುರೆ ಸುತ್ತುವ ರಿಂಗೇ ಅರ್ಧ ಮಾಯ.

ಜೊತೆಗೆ ಬಂದ ಪುಸ್ತಿಕೆ ಪರವಾಗಿಲ್ಲ. 1945ರಲ್ಲಿ ಮೆಕ್ಸಿಕೊ ನಗರದ ಸರ್ಕಾರಿ ಕಟ್ಟಡವೊಂದರಲ್ಲಿ ಇವರಿಗೆ ಸಿಕ್ಕಿದ್ದ ಭಿತ್ತಿಚಿತ್ರದ ಕೆಲಸವನ್ನು, ರಿವೆರಾ ಮತ್ತು ಸಿಕೇರೋಸ್ ಅನುಭವ ಸಾಲದು ಅಂದಮೇಲೆ ಕಿತ್ತುಕೊಂಡ ಕಥೆ ಅದರಲ್ಲಿದೆ. 1929ರಲ್ಲಿ ಇವರನ್ನು ಹಾಡಿ ಹೊಗಳಿದ್ದೂ ಅದೇ ರಿವೆರಾ, ನೋಡಿ. ಆದರೆ ಸರ್ಕಸ್ ಯಾಕೆ ಅನ್ನುವುದಕ್ಕೆ 'ಬಾಲ್ಯದ ನೆನಪು' ಅಂತ ಒಂದೇ ಸಾಲು. ಇವರು ಹುಟ್ಟಿದ್ದು ಹಾಲಿಸ್ಕೊ ರಾಜ್ಯದ ಸಾನ್ ಹುವಾನ್ ದೆ ಲೊಸ್ ಲಾಗೊಸ್‌ನಲ್ಲಿ, ದೊಡ್ಡ ಯಾತ್ರಾಸ್ಥಳ. 1623ರಲ್ಲಿ ದೊಂಬರಾಟದವರ ಮಗಳೊಬ್ಬಳು ಚೂರಿಗಳ ಮೇಲೆ ಬಿದ್ದು ಸತ್ತಳು, ಅಲ್ಲಿನ ಮೇರಿ ಮಾತೆಯ ಮೂರ್ತಿಯನ್ನು ಅವಳ ಮೇಲಿಟ್ಟಾಗ ಎದ್ದು ಕೂತಳು ಅಂತ ಐತಿಹ್ಯ, ಯಾತ್ರಿಕರು ಬರತೊಡಗಿದ್ದೂ ಅದರಿಂದಲೇ. ಆ ಊರಿನ ಹೆಸರು ಹಬ್ಬಿದ್ದೇ ಒಬ್ಬ ಸರ್ಕಸ್ ಹುಡುಗಿಯಿಂದ ಅಂದಹಾಗಾಯಿತು, ಅಲ್ವಾ? ಇದನ್ನು ಬಿಟ್ಟು ಇನ್ನೇನು ಬರೆಯಬೇಕಿತ್ತೋ.

ಐದಕ್ಕೆ ಮೂರು. ಫ್ರೇಮ್ ಹಾಕಿಸುವುದಾದರೆ ಪ್ರತಿಫಲಿಸದ ಗಾಜು ಕೇಳಿ, ಹೊಳಪು ಸ್ವಲ್ಪ ತಗ್ಗುತ್ತದೆ.