ನಾಯಿ ಕಚ್ಚಿ ತಾಲ್ಲೂಕು ಆಸ್ಪತ್ರೆಗೆ ನಾಲ್ಕು ಟ್ರಿಪ್

ನಾನು 31 ವರ್ಷ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಯಾವ ಜಾಗಕ್ಕೆ ಹೋದರೂ ಕ್ಯೂ ಹೇಗಿದೆ, ಚಿಲ್ಲರೆ ಕೊಡ್ತಾರಾ, ಜನರ ಜೊತೆ ಹೇಗೆ ಮಾತಾಡ್ತಾರೆ ಅಂತ ನೋಡುವುದು ಚಾಳಿಯಾಗಿಬಿಟ್ಟಿದೆ. ನಮ್ಮ ತಾಲ್ಲೂಕು ಆಸ್ಪತ್ರೆಯನ್ನೂ ಹಾಗೇ ನೋಡಿದ್ದೇನೆ.

ಬೆಳಗ್ಗೆ ಡೈರಿಗೆ ಹೋಗುವಾಗ ಬೀದಿನಾಯಿ ಎಡಗಾಲಿನ ಮೀನಖಂಡಕ್ಕೆ ಬಾಯಿ ಹಾಕಿತು. ರಕ್ತ ಬಂತು. ಪಕ್ಕದ ಮನೆಯವರು ಅರಿಶಿನ, ಸುಣ್ಣ ಹಿಡಿದು ಓಡಿ ಬಂದರು. ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಅವರನ್ನು ತಡೆದು, ನಲ್ಲಿ ಕೆಳಗೆ ಕಾಲಿಡಿಸಿ, ಸೋಪು ಹಚ್ಚಿ 15 ನಿಮಿಷ ತೊಳೆಸಿದರು. ಆ ಚಳಿಯಲ್ಲಿ 15 ನಿಮಿಷ ಮುಗಿಯುವುದೇ ಇಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಮಾತೂ ಅದೇ: "ಸೋಪು ಹಾಕಿ ತೊಳೆದ್ರಾ?"

ಅದಕ್ಕೂ ಮುಂಚೆ ಚೀಟಿ ಕೌಂಟರ್. ಚೀಟಿಗೆ 5 ರೂಪಾಯಿ. ನನ್ನ ಹತ್ತಿರ ಇದ್ದದ್ದು 50ರ ನೋಟು. ಒಳಗಿದ್ದ ಹೆಣ್ಣುಮಗಳು ಚೀಟಿಯ ಹಿಂದೆ 45 ಅಂತ ಗೀಚಿ, "ಹೋಗುವಾಗ ಇಸ್ಕೊಳ್ಳಿ" ಎಂದಳು. ನನ್ನ ಹೆಂಡತಿ ಅಲ್ಲೇ ನಕ್ಕುಬಿಟ್ಟಳು. 31 ವರ್ಷ ಟಿಕೆಟ್ ಹಿಂದೆ ಬರೆದು ಜನರಿಂದ ಬೈಸಿಕೊಂಡವನು ನಾನೇ ಅಲ್ವಾ.

ಇಂಜೆಕ್ಷನ್ ರೂಮಿನ ಮುಂದೆ ಒಬ್ಬ ಹುಡುಗ, ಅವನ ತಾಯಿ, ನಾನು. ಬಾಗಿಲು ತೆಗೆದೇ ಇದೆ, ಸಿಸ್ಟರ್ ಕೂತೇ ಇದ್ದಾರೆ, ಆದರೂ ಕರೆಯುತ್ತಿಲ್ಲ. ಕೇಳಿದರೆ, "ಇನ್ನೂ ಮೂವರು ಬರಲಿ ಇರಿ." ನನಗೆ ಮೈಯೆಲ್ಲಾ ಉರಿಯಿತು. ಸೀಟು ತುಂಬುವ ತನಕ ಹೊರಡದ ಮ್ಯಾಕ್ಸಿಕ್ಯಾಬ್ ಇದು ಅಂದುಕೊಂಡೆ. ಆ ಸಿಸ್ಟರ್ ಬೇಜಾರಿಲ್ಲದೆ ಬಾಟಲಿ ತೋರಿಸಿ ವಿವರಿಸಿದರು. ಇಲ್ಲಿ ಲಸಿಕೆಯನ್ನು ಸ್ನಾಯುವಿಗೆ ಕೊಡಲ್ಲ, ಚರ್ಮದ ಒಳಪದರಕ್ಕೆ ಕೊಡುತ್ತಾರೆ. ಒಂದೊಂದು ತೋಳಿಗೆ 0.1 ಎಂಎಲ್, ಅಷ್ಟೇ. 1 ಎಂಎಲ್ ಬಾಟಲಿ ಒಡೆದರೆ ಐದು ಜನಕ್ಕೆ ಆಗುತ್ತದೆ. ಒಡೆದ ಮೇಲೆ ಕೆಲವು ಗಂಟೆಯೊಳಗೆ ಮುಗಿಸಬೇಕು, ಉಳಿದಿದ್ದು ಚೆಲ್ಲಬೇಕು. ಖಾಸಗಿಯವರು ಸ್ನಾಯುವಿಗೆ ಕೊಡುವಾಗ ಒಬ್ಬರಿಗೇ ಒಂದು ಬಾಟಲಿ ಪೂರ್ತಿ ಹೋಗುತ್ತದೆ. ಲೆಕ್ಕ ಕೇಳಿದ ಮೇಲೆ ಸುಮ್ನೆ ಕೂತೆ. 40 ನಿಮಿಷಕ್ಕೆ ಇನ್ನೂ ಮೂವರು ಬಂದರು. ಊರಲ್ಲಿ ನಾಯಿಗಳಿಗೇನೂ ಕೊರತೆಯಿಲ್ಲ.

ಸಿಟ್ಟು ಬಂದದ್ದು ಆಮೇಲೆ. ನನ್ನ ಹಾಗೆ ರಕ್ತ ಬಂದ ಗಾಯಕ್ಕೆ ಬರೀ ಲಸಿಕೆ ಸಾಲದು. ಲಸಿಕೆ ಮೈಯಲ್ಲಿ ಕೆಲಸ ಶುರು ಮಾಡಲು ದಿನಗಳು ಬೇಕು. ಅಲ್ಲಿಯವರೆಗೆ ನಮ್ಮನ್ನು ಕಾಪಾಡಲು ಇಮ್ಯುನೊಗ್ಲಾಬ್ಯುಲಿನ್ ಎಂಬ ಸೀರಂ ಇದೆ. ತೂಕ ನೋಡಿ ಅಳತೆ ಮಾಡಿ ಗಾಯದೊಳಗೇ ಚುಚ್ಚುತ್ತಾರೆ. ಅದು ನಮ್ಮ ಆಸ್ಪತ್ರೆಯಲ್ಲಿ ಇರಲಿಲ್ಲ. "ಇಂಡೆಂಟ್ ಹಾಕಿದ್ದೀವಿ, ಬಂದಿಲ್ಲ." ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟರು. 52 ಕಿಲೋಮೀಟರ್. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೇ ಇಲ್ಲ ಅನ್ನಬಹುದು. ಅಂಥ ಕಾಯಿಲೆಗೆ "ಬಂದಿಲ್ಲ" ಅನ್ನುವುದು ಉತ್ತರವೇ? ನನಗೇನೋ ಬಸ್ಸಿನ ಟೈಮಿಂಗ್ ಬಾಯಿಪಾಠ, ಮಧ್ಯಾಹ್ನದೊಳಗೆ ತಲುಪಿ ಸೀರಂ ಹಾಕಿಸಿಕೊಂಡೆ. ಕೂಲಿ ಬಿಟ್ಟು ಬಂದಿದ್ದ ಆ ಹುಡುಗನ ತಾಯಿ ಏನು ಮಾಡಬೇಕಿತ್ತು? ಅವನದು ಬರೀ ತರಚು ಗಾಯ, ಸೀರಂ ಬೇಕಾಗಲಿಲ್ಲ. ಪುಣ್ಯ.

ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ 45 ರೂಪಾಯಿ ಬಿಟ್ಟು ಹೋಗಿದ್ದೆ. ಮೂರನೇ ದಿನದ ಚುಚ್ಚುಮದ್ದಿಗೆ ಹೋದಾಗ, ನಾನು ಚೀಟಿ ತೆಗೆಯುವ ಮೊದಲೇ ಆ ಹುಡುಗಿ ಎಣಿಸಿ ಕೊಟ್ಟಳು. ನಾನು ಎಷ್ಟು ಜನರನ್ನು ಹೀಗೆ ನೆನಪಿಟ್ಟುಕೊಂಡಿದ್ದೆನೋ, ಕೇಳಬೇಡಿ.

ಏಳನೇ ದಿನ ಭಾನುವಾರ ಬಂತು. ಓಪಿಡಿಗೆ ಬೀಗ. ಒಂದು ಬೋರ್ಡೂ ಇಲ್ಲ. ತುರ್ತು ಚಿಕಿತ್ಸೆ ಕೊಠಡಿಯಲ್ಲಿ ಕೊಡ್ತಾರೆ ಅಂತ ಹೇಳಿದ್ದು ಹೊರಗೆ ಎಳನೀರು ಮಾರುವವನು.

ಅದೇ ಭಾನುವಾರ ಮಗಳು, ಅಳಿಯಂದಿರು ಬೆಂಗಳೂರಿಂದ ಬಂದಿದ್ದರು. "ಮಾವ, ಸರ್ಕಾರ ಆಸ್ಪತ್ರೆ ನಡೆಸೋದೇ ತಪ್ಪು. ಎಲ್ಲರಿಗೂ ಕಾರ್ಡ್ ಕೊಟ್ಟು ಬಿಲ್ ಕಟ್ಟಲಿ, ಖಾಸಗಿಯವರು ನೋಡ್ಕೋತಾರೆ." ಸೀರಂ ಕಥೆ ಕೇಳಿದ ಮೇಲೆ ಅವರ ಮಾತು ಸುಳ್ಳು ಅನ್ನಲು ನನಗೂ ಬಾಯಿ ಬರಲಿಲ್ಲ. ಆದರೆ ಆಯುಷ್ಮಾನ್ ಕಾರ್ಡ್ ನನ್ನ ಜೇಬಲ್ಲೂ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ನನ್ನಂಥ ಎಪಿಎಲ್‌ನವರಿಗೆ ಚಿಕಿತ್ಸೆಗೆ ಗೊತ್ತುಮಾಡಿದ ಪ್ಯಾಕೇಜ್ ದರದಲ್ಲಿ ಸರ್ಕಾರ ಕೊಡುವುದು 30 ಪರ್ಸೆಂಟ್, ಅದೂ ಒಂದೂವರೆ ಲಕ್ಷದವರೆಗೆ. ಅಡ್ಮಿಟ್ ಆಗುವ ಕಾಯಿಲೆಗೆ ಒಳ್ಳೆಯದೇ. ಚೀಟಿ ಬರೆಸಿ ಸೂಜಿ ಹಾಕಿಸಿಕೊಂಡು ಮನೆಗೆ ಬರುವ ನಾಯಿ ಕಡಿತಕ್ಕೆ ಅದು ನಡೆಯಲ್ಲ. ನಮ್ಮೂರ ಆಸ್ಪತ್ರೆ ಎದುರಿನ ನರ್ಸಿಂಗ್ ಹೋಂನಲ್ಲೂ ಸೀರಂ ಇರಲಿಲ್ಲ. ಹೊರಗಿನಿಂದ ತರಿಸ್ತೀವಿ, ಸಾವಿರಗಳ ಲೆಕ್ಕ ಆಗುತ್ತೆ ಅಂದಿದ್ದರು.

ನಾನು ಆರು ವರ್ಷ ಲಾಸ್ ರೂಟಿನಲ್ಲಿ ಓಡಾಡಿದವನು. ನೈಟ್ ಹಾಲ್ಟ್ ಬಸ್ಸು, ಕೊನೆಯ ಊರಿಗೆ ಎಂಟು ಜನ. ಒಬ್ಬ ಖಾಸಗಿಯವನೂ ಆ ಊರಿಗೆ ಗಾಡಿ ಬಿಡಲಿಲ್ಲ. ಇದನ್ನು ಹೇಳಿದಾಗ ಅಳಿಯಂದಿರು, "ಬಸ್ಸು ಲೇಟಾದರೆ ಯಾರೂ ಸಾಯಲ್ಲ ಮಾವ" ಎಂದರು. ಅದೂ ನಿಜವೇ. ಆದರೆ ಅವರ ತಂದೆಗೆ ಸ್ಟೆಂಟ್ ಹಾಕಿದ್ದು ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ. "ಎಷ್ಟು ನೀಟಾಗಿದೆ ಗೊತ್ತಾ" ಅಂತ ಊರೆಲ್ಲಾ ಹೇಳಿಕೊಂಡು ಬಂದವರೂ ಅವರೇ. ಅದು ಯಾರದ್ದು ಅಂದೆ. ಸ್ವಾಯತ್ತ ಸಂಸ್ಥೆ ಅಂದರು. ಸರಿ, ಸ್ವಾಯತ್ತ ಆದರೂ ಸರ್ಕಾರದ್ದೇ ಅಲ್ವಾ! ಮಗಳು ಊಟಕ್ಕೆ ಕರೆದಳು, ಅಲ್ಲಿಗೆ ನಿಂತಿತು.

28ನೇ ದಿನ ಕೊನೆಯದು. ಸಿಸ್ಟರ್ "ಮುಗೀತು ತಾತ" ಎಂದರು. ತಾತ ಅನ್ನಿಸಿಕೊಂಡದ್ದಕ್ಕೆ ಅರ್ಧ ಸ್ಟಾರ್ ಕಡಿಮೆ ಮಾಡಬೇಕು ಅನ್ನಿಸಿತು, ಬಿಟ್ಟೆ. ಇಂಜೆಕ್ಷನ್ ರೂಮಿಗೆ ಐದಕ್ಕೆ ಐದು. ಔಷಧಿ ದಾಸ್ತಾನಿಗೆ ಒಂದು. ಶೌಚಾಲಯಕ್ಕೆ ಚಿಲಕ ಹಾಕಿಸಿದ ಮೇಲೆ ನೋಡೋಣ.

ಹೋಗುವವರು ಅರ್ಧ ತೋಳಿನ ಅಂಗಿ ಹಾಕಿಕೊಳ್ಳಿ. 5 ರೂಪಾಯಿ ಚಿಲ್ಲರೆ ಇಟ್ಟುಕೊಳ್ಳಿ. ಸೀರಂ ಇದೆಯಾ ಅಂತ ಕೌಂಟರಿನಲ್ಲೇ ಮೊದಲು ಕೇಳಿ. ಇಲ್ಲ ಅಂದರೆ ಮೊದಲ ಲಸಿಕೆ ಇಲ್ಲೇ ಹಾಕಿಸಿಕೊಂಡು, ಚೀಟಿ ಬರೆಸಿಕೊಂಡು ಜಿಲ್ಲಾಸ್ಪತ್ರೆ ಬಸ್ಸು ಹತ್ತಿ. ಹನ್ನೊಂದೂಕಾಲಕ್ಕೆ ಒಂದು ಎಕ್ಸ್‌ಪ್ರೆಸ್ ಇದೆ.