ಸೊಟ್ಟ ಕಾರ್ಟ್‌ವೀಲ್ ನೆಟ್ಟಗಾಗಲು ಗೋಡೆ, ಗೆರೆ, ಮಡಚಿದ ಹಾಸಿಗೆ: ಯಾವುದು ವಾಸಿ?

ಕೈ ಊರಿ, ಬಂಡಿಯ ಚಕ್ರದ ಹಾಗೆ ಪಕ್ಕಕ್ಕೆ ತಿರುಗುವ ಕಾರ್ಟ್‌ವೀಲ್ ಬರುವುದು ಬೇರೆ, ನೆಟ್ಟಗೆ ಬರುವುದು ಬೇರೆ. ನಾನೂ ನನ್ನ ಅಕ್ಕನ ಮಗಳೂ ತಿರುಗುತ್ತಿದ್ದೆವು, ಅದರಲ್ಲಿ ತಕರಾರಿಲ್ಲ. ಆದರೆ ಸೊಂಟ ಮಡಚಿಕೊಳ್ಳುತ್ತಿತ್ತು. ಕಾಲು ತಲೆಯ ಮೇಲಿಂದ ಹೋಗುವ ಬದಲು ಪಕ್ಕದಿಂದ ಸುತ್ತಿಕೊಂಡು ಬರುತ್ತಿತ್ತು. ನನಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ, ಆದರೆ ಅವಳಿಗೆ ಮುಂದೆ ರೌಂಡ್‌ಆಫ್ ಕಲಿಯುವ ಆಸೆ. ಅದು ಶುರುವಾಗುವುದು ಕಾರ್ಟ್‌ವೀಲ್ ಥರಾನೇ. ಗಾಳಿಯಲ್ಲಿ ಎರಡೂ ಕಾಲು ಜೋಡಿಸಿ, ಬಂದ ದಿಕ್ಕಿಗೆ ಮುಖ ಮಾಡಿ ಒಟ್ಟಿಗೆ ಇಳಿಯಬೇಕು, ಅಷ್ಟೇ ವ್ಯತ್ಯಾಸ. ಜಿಮ್ನಾಸ್ಟಿಕ್ಸ್‌ನ ಫ್ಲೋರ್ ಸ್ಪರ್ಧೆಯಲ್ಲಿ ಹಿಂದಕ್ಕೆ ಹೊಡೆಯುವ ದೊಡ್ಡ ದೊಡ್ಡ ಪಲ್ಟಿಗಳು ಹೆಚ್ಚಾಗಿ ರೌಂಡ್‌ಆಫ್‌ನಿಂದಲೇ ಶುರುವಾಗುತ್ತವೆ. ಮೇಜಿನಂಥ ಸಲಕರಣೆಗೆ ಕೈ ಊರಿ ಹಾರುವ ವಾಲ್ಟ್‌ಗಳಲ್ಲಿ ಒಂದಾದ ಯುರ್ಚೆಂಕೊದಲ್ಲೂ ಓಡಿ ಬಂದು ರೌಂಡ್‌ಆಫ್ ಹಾಕಿಯೇ ಸ್ಪ್ರಿಂಗ್ ಹಲಗೆ ಮೇಲೆ ಕಾಲಿಡುತ್ತಾರೆ. ಬುಡವೇ ಸೊಟ್ಟಗಿದ್ದರೆ ಮೇಲಿನದ್ದು ಹೇಗೆ ನೆಟ್ಟಗಾದೀತು?

ಹಾಗಾಗಿ ತುಮಕೂರಿನ ನಮ್ಮ ಮನೆ ತಾರಸಿಯಲ್ಲಿ, ಭಾನುವಾರಗಳಲ್ಲಿ ಅಮಾನಿಕೆರೆ ಕಡೆಯ ಹುಲ್ಲಿನ ಮೇಲೆ, ಮೂರು ದಾರಿಗಳನ್ನು ಒಂದಾದ ಮೇಲೊಂದು ನೋಡಿದೆವು. ನಾನು ಮೂವತ್ತು ದಾಟಿದವಳು, ಆಫೀಸಿನಲ್ಲಿ ಕೂತು ಕೆಲಸ ಮಾಡುವವಳು. ಅವಳು ಐದನೇ ಕ್ಲಾಸು. ಒಂದೇ ಅಭ್ಯಾಸ ಇಬ್ಬರಿಗೂ ಒಂದೇ ಥರ ಒಗ್ಗಲಿಲ್ಲ.

ಮೊದಲು ಗೋಡೆ. ಎಲ್ಲರೂ ಹೇಳುವುದು ಇದನ್ನೇ: ಮೊದಲು ಹ್ಯಾಂಡ್‌ಸ್ಟ್ಯಾಂಡ್ ಸರಿ ಮಾಡಿಕೋ, ಉಳಿದದ್ದು ತಾನಾಗಿ ಬರುತ್ತದೆ ಅಂತ. ಗೋಡೆ ಕಡೆಗೆ ಹೊಟ್ಟೆ ಮಾಡಿ, ಕಾಲನ್ನು ಹಂತಹಂತವಾಗಿ ಮೇಲಕ್ಕೆ ಹತ್ತಿಸಿ, ಕೈ ಮೇಲೆ ನಿಲ್ಲಬೇಕು. ಗೋಡೆಗೆ ಬೆನ್ನು ಕೊಟ್ಟು ನಿಂತರೆ ಸೊಂಟ ಬಿಲ್ಲಿನ ಹಾಗೆ ಬಾಗುತ್ತದೆ, ಅದು ಬೇಡ. ನನಗೆ ಇದರಿಂದ ನಿಜವಾಗಿಯೂ ಲಾಭವಾಯಿತು. ಭುಜ ಪೂರ್ತಿ ತೆರೆದು, ತೋಳು ಕಿವಿಗೆ ತಾಗಬೇಕು ಅನ್ನುವುದು ಮೈಗೆ ಗೊತ್ತಾಯಿತು. ಮಣಿಕಟ್ಟು ಮಾತ್ರ ಮೊದಮೊದಲು ಚೆನ್ನಾಗಿ ನೋಯುತ್ತಿತ್ತು. ಕೈ ತಿರುಗಿಸಿ, ಅಂಗೈ ನೆಲಕ್ಕೆ ಊರಿ ಸ್ವಲ್ಪ ಹೊತ್ತು ಸಡಿಲ ಮಾಡಿಕೊಳ್ಳದೆ ಶುರು ಮಾಡಬೇಡಿ. ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದ ಬೆಳಗ್ಗೆಯಂತೂ ಈ ಸಾಹಸ ಬೇಡವೇ ಬೇಡ.

ಆದರೆ ಸೊಟ್ಟ ಹೋಗಲಿಲ್ಲ. ಯಾಕೆ ಅಂದರೆ ಗೋಡೆ ಹತ್ತಿರ ಎರಡೂ ಕೈ ಒಟ್ಟಿಗೆ ನೆಲದಲ್ಲಿರುತ್ತವೆ. ಕಾರ್ಟ್‌ವೀಲ್‌ನಲ್ಲಿ ಒಂದಾದ ಮೇಲೊಂದು ಇಳಿಯುತ್ತವೆ. ಎಡವಟ್ಟೆಲ್ಲ ಆಗುವುದು ಆ ನಡುವಿನ ಗಳಿಗೆಯಲ್ಲೇ. ಮಗುವಿಗಂತೂ ಭುಜ ಮೊದಲೇ ಸಡಿಲ, ಅವಳಿಗೆ ಇದು ಸುಮ್ನೆ ಬೇಜಾರಿನ ಕೆಲಸ. ಜತೆಗೆ ಗೋಡೆಯ ತುಂಬ ಕಾಲ್ಬೆರಳ ಗುರುತು. "ಬಣ್ಣ ಹೊಡೆಸಿ ಇನ್ನೂ ವರ್ಷ ತುಂಬಿಲ್ಲ ಕಣ್ರೇ" ಅಂತ ಅಮ್ಮ ಇಬ್ಬರನ್ನೂ ಸೇರಿಸಿ ಬೈದರು.

ಗೆರೆಯದ್ದು ಬೇರೆ ಕಥೆ. ಖರ್ಚಿಲ್ಲ, ಸಲಕರಣೆ ಬೇಕಿಲ್ಲ, ಆದರೆ ಸುಳ್ಳು ಹೇಳುವುದಿಲ್ಲ. ಮ್ಯಾಟ್ ಮೇಲೆ ರಂಗೋಲಿ ಪುಡಿಯಲ್ಲಿ ತೆಳ್ಳಗೆ ಒಂದು ಉದ್ದ ಗೆರೆ ಎಳೆದೆವು. ಒಂದು ಕಾಲು ಮುಂದೆ ಮಂಡಿ ಬಗ್ಗಿಸಿ, ಇನ್ನೊಂದನ್ನು ಹಿಂದೆ ನೇರ ಚಾಚಿ ನಿಲ್ಲಬೇಕು. ಲಂಜ್ ಅನ್ನುತ್ತಾರೆ. ಆಮೇಲೆ ಕೈ, ಕೈ, ಕಾಲು, ಕಾಲು. ಮುಂಗಾಲಿನದ್ದೂ ಸೇರಿ ಐದು ಗುರುತು, ಐದೂ ಗೆರೆ ಮೇಲೇ ಇರಬೇಕು. ತಿರುಗಿ ನಿಂತ ಮೇಲೆ ನೋಡಿದರೆ ಪುಡಿ ಎಲ್ಲಿ ಅಳಿಸಿದೆ ಅನ್ನುವುದರಲ್ಲೇ ಉತ್ತರ ಇರುತ್ತದೆ.

ನಮ್ಮ ಹುಡುಗಿಯ ಎರಡನೇ ಕೈ ಪ್ರತಿ ಸಲ ಗೆರೆಯಿಂದ ಒಂದು ಗೇಣು ಆಚೆ ಬೀಳುತ್ತಿತ್ತು. ಕೈಯನ್ನು ಎಷ್ಟು ತಿದ್ದಿದರೂ ಅಷ್ಟೇ. ಕೊನೆಗೆ ಗೊತ್ತಾದದ್ದು, ತಪ್ಪು ಕೈಯದ್ದಲ್ಲ. ನಿಂತಾಗಲೇ ಅವಳು ಎದೆಯನ್ನು ಪಕ್ಕಕ್ಕೆ ತಿರುಗಿಸಿಬಿಡುತ್ತಿದ್ದಳು. ಕೈ ನೆಲದ ಹತ್ತಿರ ಹೋಗುವ ತನಕ ಎದೆ, ಸೊಂಟ ಎರಡೂ ಎದುರಿಗೇ ಇರಬೇಕು. ಮೊದಲ ಕೈ ಗೆರೆಗೆ ಅಡ್ಡ. ಎರಡನೆಯದರ ಬೆರಳುಗಳು ಮೊದಲ ಕೈ ಕಡೆಗೆ ಸ್ವಲ್ಪ ಒಳಮುಖ. ಹಾಗೆ ಇಟ್ಟರೆ ನೆಲವನ್ನು ತಳ್ಳಿ ಏಳಲು ಸುಲಭ. ಇನ್ನೊಂದು ಮಾತು: ಮೊದಲ ಕೈ ಮುಂಗಾಲಿಗೆ ತೀರ ಹತ್ತಿರ ಬಿದ್ದರೆ ಸೊಂಟ ಮಡಚಲೇಬೇಕು, ಬೇರೆ ದಾರಿಯೇ ಇಲ್ಲ. ಒಂದು ದೊಡ್ಡ ಹೆಜ್ಜೆಯಷ್ಟು ದೂರಕ್ಕೆ ಕೈ ಚಾಚಿ, ಹಿಂಗಾಲನ್ನು ಜೋರಾಗಿ ಮೇಲಕ್ಕೆ ಒದೆಯಬೇಕು.

ಕಿವಿಗೂ ಕೆಲಸ ಇದೆ. ಕಣ್ಣು ಮುಚ್ಚಿ ಕೂತು ಕೇಳಿದರೆ ಟಪ್, ಟಪ್, ಟಪ್, ಟಪ್ ಅಂತ ನಾಲ್ಕು ಸದ್ದು ಬಿಡಿಬಿಡಿಯಾಗಿ ಬರಬೇಕು. ಎರಡೂ ಕೈ ಸೇರಿ ಧಪ್ ಅಂತ ಒಂದೇ ಸದ್ದಾದರೆ ಅದು ಕಾರ್ಟ್‌ವೀಲ್ ಅಲ್ಲ, ಮುಗ್ಗರಿಸಿದ್ದು.

ಗೆರೆಗೆ ಇರುವ ಕೊರತೆ ಒಂದೇ. ನೆಲದ ಸಂಗತಿ ಹೇಳುತ್ತದೆ, ಮೇಲೆ ಕಾಲು ಎಲ್ಲಿ ಹೋಯಿತು ಅಂತ ಹೇಳುವುದಿಲ್ಲ. ಅದಕ್ಕೆ ಗೆರೆಯ ಪಕ್ಕಕ್ಕೇ ಬಟ್ಟೆ ಒಣಹಾಕುವ ತಂತಿಯಲ್ಲಿ ಒಂದು ಹಳೇ ಬೆಡ್‌ಶೀಟ್ ಇಳಿಬಿಟ್ಟೆವು. ಕಾಲು ಸುತ್ತಿಕೊಂಡು ಬಂದರೆ ಶೀಟು ಅಲ್ಲಾಡುತ್ತದೆ. "ಚಿಕ್ಕಮ್ಮಾ, ಈ ಸಲ ಅಲ್ಲಾಡಲಿಲ್ಲ ಅಲ್ವಾ?" ಅಂತ ಅವಳೇ ಕೇಳುವ ಹಾಗಾಯಿತು. ನನಗೆ ಆ ತಂತಿ ತಗ್ಗು, ಕಾಲು ತಾಗಿ ಅಪಾಯವಾದೀತು ಅಂತ ನಾನು ಆ ಕಡೆ ಹೋಗಲಿಲ್ಲ.

ಮೂರನೆಯದು ಮಡಚಿದ ನಾರಿನ ಹಾಸಿಗೆ. ತೆಂಗಿನ ಸೀಮೆಯಲ್ಲಿ ಇದಕ್ಕೇನೂ ಹುಡುಕಾಡಬೇಕಿಲ್ಲ. ಮೂರು ಮಡಿಕೆ ಮಾಡಿದರೆ ಮಂಡಿಗಿಂತ ಸ್ವಲ್ಪ ಕೆಳಗೆ ಬರುತ್ತದೆ. ಕಾಲು ನೆಲದಲ್ಲಿ, ಕೈ ಹಾಸಿಗೆ ಮೇಲೆ, ದಾಟಿ ಆಚೆ ಇಳಿಯುವುದು. ನಾರು ಗಟ್ಟಿಯಾದ್ದರಿಂದ ಅಂಗೈ ಹೂತುಹೋಗುವುದಿಲ್ಲ. ಹತ್ತಿ ಹಾಸಿಗೆ, ಮೆತ್ತನೆಯ ಫೋಮ್ ಎರಡೂ ಇದಕ್ಕೆ ದಂಡ, ಮಣಿಕಟ್ಟು ಉಳುಕುತ್ತದೆ. ಹಾಸಿಗೆ ಜಾರದಂತೆ ಕೆಳಗೆ ರಬ್ಬರ್ ಮ್ಯಾಟ್ ಹಾಕಿ.

ಕೈ ಎತ್ತರದಲ್ಲಿ ಇರುವುದರಿಂದ ಅಷ್ಟೊಂದು ಬಗ್ಗಬೇಕಿಲ್ಲ. ಸೊಂಟ ಸಲೀಸಾಗಿ ಮೇಲೇರುತ್ತದೆ. ತಲೆಕೆಳಗಾಗುವ ಭಯ ಅರ್ಧ ಇಳಿಯುತ್ತದೆ. ಭಯ ಜಾಸ್ತಿ ಇರುವುದು ನಮ್ಮಂಥ ದೊಡ್ಡವರಿಗೇ, ಮಕ್ಕಳಿಗಲ್ಲ. ಹಾಗಾಗಿ ನನಗೆ ಇದು ವರ, ಅವಳಿಗೆ ಊರುಗೋಲು. ಹಾಸಿಗೆ ಮೇಲೆ ಚೆಂದಾಗಿ ಮಾಡಿ, ತೆಗೆದ ತಕ್ಷಣ ಮತ್ತೆ ಸೊಂಟ ಮಡಚುತ್ತಿದ್ದಳು. ಮಕ್ಕಳಿಗೆ ಕೊಟ್ಟರೂ ಬೇಗ ಮಡಿಕೆ ಕಡಿಮೆ ಮಾಡುತ್ತಾ ಬನ್ನಿ.

ಮೂರಕ್ಕೂ ಫೋನಿನ ಸ್ಲೋ ಮೋಷನ್ ಜತೆಗಿರಲಿ. ಗೆರೆಯ ತುದಿಯಲ್ಲಿ ಇಟ್ಟರೆ ಸೊಟ್ಟ ಕಾಣುತ್ತದೆ, ಪಕ್ಕದಿಂದ ತೆಗೆದರೆ ಮುಚ್ಚಿಹೋಗುತ್ತದೆ.

ಜಾಗದ ಬಗ್ಗೆ ಹೇಳಲೇಬೇಕು. ಸ್ಪರ್ಧೆಯ ಫ್ಲೋರ್ 12 ಮೀಟರ್ ಉದ್ದ, 12 ಮೀಟರ್ ಅಗಲ. ಅಡಿಯಲ್ಲಿ ಸ್ಪ್ರಿಂಗ್ ಇರುತ್ತದೆ. ಅಲ್ಲಿ ಮಾಡಿದ್ದನ್ನು ವಿಡಿಯೋದಲ್ಲಿ ನೋಡಿ ಬರೀ ಸಿಮೆಂಟ್ ಮೇಲೆ ಮಾಡಲು ಹೋಗಬೇಡಿ. ಕಬಡ್ಡಿ ಮ್ಯಾಟ್ ಸಿಕ್ಕರೆ ಒಳ್ಳೆಯದು. ಆದರೆ ಜೋಡಿಸಿದ ಕಡೆ ಬಾಯಿ ಬಿಟ್ಟಿದೆಯೇ ನೋಡಿಕೊಳ್ಳಿ, ಬೆರಳು ಸಿಕ್ಕಿಕೊಳ್ಳುತ್ತದೆ. ಹುಲ್ಲು ಪರವಾಗಿಲ್ಲ, ಬೆಳಗಿನ ಇಬ್ಬನಿ ಆರಿದ ಮೇಲೆ.

ಒಂದನ್ನೇ ಆರಿಸಿ ಅಂದರೆ ನಾನು ಗೆರೆ ಅನ್ನುತ್ತೇನೆ, ಎರಡು ಮಾತಿಲ್ಲ. ಮೂವತ್ತು ದಾಟಿ ಶುರು ಮಾಡುವವರು ಮೊದಲು ಹಾಸಿಗೆ, ಬಿಡುವಾದಾಗ ಗೋಡೆ, ಆಮೇಲೆ ಗೆರೆಗೆ ಬನ್ನಿ. ಬಿಪಿ, ಕತ್ತು ನೋವು ಇದ್ದವರು ಡಾಕ್ಟರನ್ನು ಕೇಳದೆ ಇಳಿಯಬೇಡಿ. ಮಕ್ಕಳಿಗೆ ಗೆರೆ, ಪಕ್ಕದಲ್ಲಿ ಬೆಡ್‌ಶೀಟ್, ಅಷ್ಟು ಸಾಕು. ನಮ್ಮವಳು ಈಗ ರೌಂಡ್‌ಆಫ್ ಶುರು ಮಾಡಿದ್ದಾಳೆ. ಕಾಲು ಇಳಿಯುವಾಗ ಇನ್ನೂ ಎರಡು ಸದ್ದು ಕೇಳಿಸುತ್ತದೆ, ಒಂದಾಗಬೇಕು. ನನ್ನ ಬಲಗಡೆಯ ಕಾರ್ಟ್‌ವೀಲ್ ಗೆರೆ ಮೇಲೆ ಬರುತ್ತಿದೆ. ಎಡಗಡೆಯದು ಇನ್ನೂ ಹಾಸಿಗೆ ಬಿಟ್ಟು ಇಳಿದಿಲ್ಲ.