ಮಲೆನಾಡಿನ ಮಳೆಗೆ ಯಾವ ಹೋಲ್‌ಸ್ಟರ್: ಬಟ್ಟೆ, ಚರ್ಮ, ಕೈಡೆಕ್ಸ್

ತೀರ್ಥಹಳ್ಳಿ ಕಡೆಯ ನಮ್ಮ ತೋಟದಿಂದ ಶಿವಮೊಗ್ಗದ ಅಡಿಕೆ ಮಂಡಿಗೆ ಹೋಗಿ ಬರುವಾಗ ಪರವಾನಗಿಯ .32 ರಿವಾಲ್ವರ್ ನನ್ನ ಸೊಂಟದಲ್ಲಿರುತ್ತದೆ. ಕಾನ್ಪುರದಲ್ಲಿ ತಯಾರಾದ, ಆರು ತೋಟಾಗಳ ಈ ರಿವಾಲ್ವರಿನಲ್ಲಿ ಕುದುರೆಯನ್ನು (ತೋಟಾಕ್ಕೆ ಬಡಿಯುವ ಹಿಂಬದಿಯ ಸುತ್ತಿಗೆಯನ್ನು) ಎತ್ತದೆ ಟ್ರಿಗರನ್ನಷ್ಟೇ ಪೂರ್ತಿ ಎಳೆದರೂ ಗುಂಡು ಹಾರುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಆಯುಧವನ್ನು ಹೊರಗೆ ಕಾಣದಂತೆ ಒಯ್ಯಬೇಕೆಂಬ 2016ರ ಆಯುಧ ನಿಯಮಗಳನ್ನು ಮೂರೂ ಹೋಲ್‌ಸ್ಟರುಗಳು (ಸೊಂಟಕ್ಕೆ ಸಿಕ್ಕಿಸುವ ರಿವಾಲ್ವರ್ ಚೀಲಗಳು) ಅಂಗಿಯ ಕೆಳಗೆ ಪಾಲಿಸುತ್ತವೆ. ಆದರೆ ಟ್ರಿಗರನ್ನು ಕಾಯುವ ವಿಷಯದಲ್ಲಿ ಅವು ಒಂದೇ ಅಲ್ಲ. ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಖಾಲಿ ರಿವಾಲ್ವರಿನಿಂದಲೇ ಎಲ್ಲವನ್ನೂ ಪರೀಕ್ಷಿಸಿದೆ.

ಎಲ್ಲ ಅಳತೆಗೂ ಹೊಂದುತ್ತದೆ ಎಂದು ಮಾರುವ ಬಟ್ಟೆಯ ಚೀಲವನ್ನು ತಳ್ಳಿಹಾಕಲು ಎರಡು ನಿಮಿಷವೂ ಬೇಕಾಗಲಿಲ್ಲ. ಹೊರಗಿನಿಂದ ಬೆರಳಿನಲ್ಲಿ ಒತ್ತಿದಾಗ ಒಳಗಿನ ಟ್ರಿಗರ್ ಸರಿದು, ಕುದುರೆ ನಿಧಾನವಾಗಿ ಮೇಲೇಳುವುದು ಕಣ್ಣಿಗೇ ಕಂಡಿತು.

ಚರ್ಮದ್ದು ನನಗೆ ಇಷ್ಟವಾದದ್ದು, ಬೇಸಿಗೆಯಲ್ಲಿ ಅದರ ಬಗ್ಗೆ ದೂರೂ ಇರಲಿಲ್ಲ. ಆದರೆ ಆಷಾಢದ ಮಳೆಯಲ್ಲಿ ಎರಡು ವಾರ ನೆನೆದು, ಬೂಷ್ಟು ಹಿಡಿದು, ಒರೆಸಿ ಒಣಗಿಸಿದ ಮೇಲೆ ಅದರ ಬಾಯಿ ಮೆತ್ತಗಾಗಿ ಒಳಕ್ಕೆ ಮಡಚಿಕೊಳ್ಳತೊಡಗಿತು. ಬಾಯಿಯನ್ನು ಬಿಡಿಸಲು ಎಡಗೈ ತಂದರೆ ನಳಿಕೆ ನಮ್ಮ ಬೆರಳುಗಳತ್ತಲೇ ತಿರುಗುತ್ತದೆ. ತರದಿದ್ದರೆ ಮಡಚಿದ ಚರ್ಮ ಟ್ರಿಗರ್ ಸುತ್ತಲಿನ ಬಳೆಯಾದ ಟ್ರಿಗರ್ ಗಾರ್ಡಿನೊಳಗೆ ಹೊಗುತ್ತದೆ. ಒಂದು ಸಂಜೆ ಹಾಗೆಯೇ ಆಯಿತು. ರಿವಾಲ್ವರನ್ನು ಒಳಗಿಡುವಾಗ ಹೆಬ್ಬೆರಳನ್ನು ಕುದುರೆಯ ಮೇಲೆ ಒತ್ತಿಟ್ಟುಕೊಳ್ಳುವ ರೂಢಿ ಇದ್ದುದರಿಂದ ಅದು ಅಲುಗಿದ್ದು ತಕ್ಷಣ ತಿಳಿದು, ಕೈಯನ್ನು ನಿಲ್ಲಿಸಿದೆ.

ಗಟ್ಟಿ ಪ್ಲಾಸ್ಟಿಕ್ಕಾದ ಕೈಡೆಕ್ಸ್ ನೋಡಲು ಟಿಫಿನ್ ಡಬ್ಬಿಯಂತಿದೆ, ಒಂದೇ ಮಾದರಿಯ ಆಯುಧಕ್ಕೆ ಹೊಂದುತ್ತದೆ. ಆದರೂ ಮಳೆಗಾಲಕ್ಕೆ ನನ್ನ ಆಯ್ಕೆ ಅದೇ. ಅದರ ಬಾಯಿ ಮುಚ್ಚಿಕೊಳ್ಳುವುದಿಲ್ಲ, ಟ್ರಿಗರ್ ಗಾರ್ಡ್ ಪೂರ್ತಿ ಒಳಗಿರುತ್ತದೆ, ಹೊರಗಿನಿಂದ ಎಷ್ಟು ಒತ್ತಿದರೂ ಟ್ರಿಗರಿಗೆ ಏನೂ ತಾಗುವುದಿಲ್ಲ. ಕ್ಲಿಪ್ ಇರುವುದರಿಂದ ಮನೆಗೆ ಬಂದಾಗ ರಿವಾಲ್ವರನ್ನು ಹೊರತೆಗೆಯದೆ ಹೋಲ್‌ಸ್ಟರ್ ಸಮೇತ ಬಿಚ್ಚಬಹುದು. ಚರ್ಮದ್ದರಲ್ಲಿ ಬೆಲ್ಟನ್ನೇ ಸಡಿಲಿಸಬೇಕಾದ್ದರಿಂದ ದಿನಕ್ಕೆ ನಾಲ್ಕು ಸಲ ಆಯುಧಕ್ಕೆ ಕೈ ಹಾಕುತ್ತಿದ್ದೆ. ಕೈಡೆಕ್ಸಿನಲ್ಲಿ ತೇವ ಒಳಗೆ ನಿಂತು ಸಿಲಿಂಡರಿನ ಬಳಿ ತುಕ್ಕಿನ ಚುಕ್ಕೆಗಳು ಕಂಡಿದ್ದು ನಿಜವಾದ ಕೊರತೆ. ಎರಡು ದಿನಕ್ಕೊಮ್ಮೆ ಎಣ್ಣೆ ಹಚ್ಚಿ ಒರೆಸುತ್ತಿದ್ದೇನೆ.

ಜರ್ಕಿನ್ನಿನ ಸೊಂಟದ ದಾರ ಟ್ರಿಗರಿಗೆ ಸಿಕ್ಕಿಕೊಳ್ಳಬಹುದಾದ ತೊಂದರೆಯನ್ನು ಮಾತ್ರ ಯಾವ ಹೋಲ್‌ಸ್ಟರೂ ತಪ್ಪಿಸಲಿಲ್ಲ. ತುದಿಯ ಗುಂಡಿಯ ಸಮೇತ ಅದು ಕೈಡೆಕ್ಸಿನ ಬಾಯಿಯೊಳಗೂ ಇಳಿದಿತ್ತು. ಆ ದಾರವನ್ನು ಅಡಿಕೆ ಕತ್ತಿಯಿಂದ ಬುಡಸಮೇತ ಕತ್ತರಿಸಿ ಹಾಕಿದ್ದೇನೆ.